ನೋಡುವ ಮೈಸೂರು, ಉಣ್ಣುವ ಮೈಸೂರು

ದಸರೆಗೆಂದು ಮೈಸೂರಿಗೆ ಬರುವ ನೆಂಟರ ಜೇಬಿನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು ನೋಡಬೇಕಾದ್ದು: ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಚರ್ಚು. ಇನ್ನೊಂದು ತಿನ್ನಬೇಕಾದ್ದು: ಮೈಸೂರು ಪಾಕು, ದೋಸೆ, ಊಟದ ಮೇಲೊಂದು ಚಿಗುರು ವೀಳ್ಯದೆಲೆ. ನೆಂಟರು ಉದಯಗಿರಿಯ ಆಚೆಗಿನ ರಾಜೀವನಗರದಲ್ಲಿ ಇಳಿದುಕೊಂಡಿರಲಿ, ಕುವೆಂಪುನಗರದಲ್ಲಿ ಉಳಿದಿರಲಿ, ಪಟ್ಟಿ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲನೆಯದನ್ನು ಇತಿಹಾಸ ಎನ್ನುತ್ತೇವೆ, ಎರಡನೆಯದನ್ನು ಬಾಯಿಚಪಲ ಎಂದು ನಗುತ್ತೇವೆ.

ನಿಜವಾಗಿ ನೋಡಿದರೆ ಇವೆರಡೂ ಒಂದೇ ಕಥೆಯ ಭಾಗಗಳು. ಅರಮನೆ, ಅದರ ಸುತ್ತ ಬೆಳೆದ ಪೇಟೆ, ಪೇಟೆಗೆ ತರಕಾರಿ ಒದಗಿಸಿದ ತೋಟ, ಪೇಟೆಯ ದುಡಿಮೆಗಾರರು ನೆಲೆಸಿದ ಮೊಹಲ್ಲಾ, ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದು ಬೆಳೆಯಲಿಲ್ಲ. ಆದರೆ ಕಟ್ಟಡದ ಗಾರೆ ಉದುರಿದರೆ ಊರೆಲ್ಲ ಮಾತಾಡುತ್ತದೆ; ಒಂದು ತರಕಾರಿಯ ತಳಿ ಕಾಣೆಯಾದರೆ ಯಾರೂ ಕೇಳುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಊರನ್ನೊಮ್ಮೆ ಸುತ್ತಿದರೆ ಮೈಸೂರು ಬೇರೆಯಾಗಿಯೇ ಕಾಣುತ್ತದೆ.

ಚಪ್ಪರದಲ್ಲಿ ಆರಂಭವಾದ ರಾಜಧಾನಿ

ಇಂದಿನ ಮೈಸೂರು ಬಹಳ ಹಳೆಯ ಪಟ್ಟಣವಲ್ಲ ಎಂದರೆ ಅನೇಕರು ಹುಬ್ಬೇರಿಸಬಹುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ರಾಜಧಾನಿ ಅಲ್ಲಿಗೆ ಹೋಯಿತು. ದಸರೆಯೂ ಅಲ್ಲಿಯೇ ನಡೆಯಿತು. ಮುಂದೆ ಟಿಪ್ಪು ಸುಲ್ತಾನ್ ಮೈಸೂರಿನ ಕೋಟೆಯ ಕಲ್ಲುಗಳನ್ನು ತೆಗೆಸಿ, ಪಕ್ಕದಲ್ಲೇ ನಜರಾಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೇ ಕಲ್ಲುಗಳು ಮತ್ತೆ ಮೈಸೂರಿನ ಕೋಟೆಗೆ ಬಂದವು. ನಜರಾಬಾದ್ ಕೋಟೆ ಉಳಿಯಲಿಲ್ಲ, ಹೆಸರು ಉಳಿಯಿತು.

ಆ ವರ್ಷ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಬಳಿ ಹಾಕಿದ ಚಪ್ಪರದಲ್ಲಿ. ಸಿಂಹಾಸನವಿಡಲು ಸರಿಯಾದ ಅರಮನೆಯೇ ಇರಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮರದ ಅರಮನೆ ಎದ್ದಿತು. ಶ್ರೀರಂಗಪಟ್ಟಣ ಕಳೆಗುಂದಿ, ಅಧಿಕಾರಿಗಳು, ಪಂಡಿತರು, ವ್ಯಾಪಾರಿಗಳು, ಸಿಪಾಯಿಗಳು, ಕಸುಬುದಾರರು ಹೊಸ ರಾಜಧಾನಿಯತ್ತ ಬಂದರು. ಊರು ಕೋಟೆ, ಲಷ್ಕರ್, ಮಂಡಿ, ದೇವರಾಜ, ಕೃಷ್ಣರಾಜ, ಚಾಮರಾಜ, ನಜರಾಬಾದ್ ಎಂಬ ಮೊಹಲ್ಲಾಗಳಾಗಿ ಹಂಚಿಕೊಂಡಿತು. ಲಷ್ಕರ್ ಎಂದರೆ ಸೈನ್ಯ, ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಅರಸರ ಹೆಸರಿನ ಬಡಾವಣೆಗೂ ಮೊಹಲ್ಲಾ ಎಂಬ ಉರ್ದು ಪದವೇ ಸೇರಿಕೊಂಡಿರುವುದು ಈ ಊರಿನ ಸ್ವಭಾವ.

ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ, ಬೆಂಕಿಗೆ ಆಹುತಿಯಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಶಿಮ್ಲಾದ ವೈಸರಾಯ್ ನಿವಾಸದ ವಿನ್ಯಾಸ ಮಾಡಿದ್ದ ಹೆನ್ರಿ ಇರ್ವಿನ್ ಅವರಿಗೆ ಹೊಸ ಅರಮನೆಯ ಹೊಣೆ ಬಿತ್ತು. ಮತ್ತೆ ಬೆಂಕಿ ತಗಲಬಾರದೆಂದು ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಆದ್ಯತೆ. ಕಲ್ಯಾಣಮಂಟಪದ ಎರಕದ ಕಂಬಗಳು ದೂರದ ಗ್ಲ್ಯಾಸ್ಗೋದಿಂದ ಹಡಗಿನಲ್ಲಿ ಬಂದವು. 1912ರಲ್ಲಿ ಕೆಲಸ ಮುಗಿದಾಗ ಖರ್ಚು ಸುಮಾರು 41 ಲಕ್ಷ ರೂಪಾಯಿ. ಇಂದು ಸಾವಿರಾರು ದೀಪಗಳಲ್ಲಿ ಜನ ಕಣ್ಣರಳಿಸಿ ನೋಡುವುದು ಈ ಅರಮನೆಯನ್ನೇ.

ಬೆಂಕಿಯ ಬೆನ್ನಿಗೇ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು. ಆ ಪಾಠದಿಂದ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಭಾರತದಲ್ಲಿ ಇಂಥ ಆರಂಭಿಕ ಮಂಡಳಿಗಳಲ್ಲಿ ಇದೂ ಒಂದು ಎಂಬ ಹೆಗ್ಗಳಿಕೆ ಮೈಸೂರಿಗಿದೆ. ಅಗಲ ರಸ್ತೆ, ಚರಂಡಿ, ಗಾಳಿಬೆಳಕಿನ ಬಡಾವಣೆ, ಪ್ರವಾಸಿಗರು ಮೆಚ್ಚುವ ಇವೆಲ್ಲ ವೈಭವಕ್ಕಾಗಿ ಬಂದವುಗಳಲ್ಲ, ಜೀವಭಯದಿಂದ ಬಂದವು.

ಅರಮನೆಯ ಒಲೆಯಿಂದ ಪೇಟೆಗೆ

ಇದೇ ನಾಲ್ವಡಿಯವರ ಕಾಲದ ಅರಮನೆಯ ಅಡುಗೆಮನೆಯಿಂದ ಬಂದದ್ದು ಮೈಸೂರು ಪಾಕು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ಸಕ್ಕರೆ, ತುಪ್ಪ ಸೇರಿಸಿ ಹೊಸದೊಂದು ತಿನಿಸು ಮಾಡಿ ಬಡಿಸಿದರು. ಅರಸರು ಹೆಸರು ಕೇಳಿದಾಗ ತೋಚಿದಂತೆ ‘ಮೈಸೂರು ಪಾಕ’ ಎಂದರು ಎಂಬುದು ಪ್ರತೀತಿ. ಮಾದಪ್ಪನವರ ವಂಶಸ್ಥರ ಮಿಠಾಯಿ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಸಾಲಿನಲ್ಲಿದೆ. ಅರಮನೆಯಿಂದ ಅಲ್ಲಿಗೆ ನಡೆದರೆ ಹತ್ತೇ ನಿಮಿಷ. ಒಂದು ತಿನಿಸು ಅರಸರ ತಟ್ಟೆಯಿಂದ ಸಾಮಾನ್ಯನ ಪೊಟ್ಟಣಕ್ಕೆ ಬಂದ ದಾರಿ ಇಷ್ಟೇ ಉದ್ದದ್ದು.

ಈ ತಿನಿಸಿನಲ್ಲಿರುವುದು ಮೂರೇ ಸಾಮಗ್ರಿ. ಗುಟ್ಟೆಲ್ಲ ಹದದಲ್ಲಿದೆ. ಸಕ್ಕರೆ ಎಳೆ ಪಾಕಕ್ಕೆ ಬಂದ ಕೂಡಲೇ ಕಡಲೆಹಿಟ್ಟು ಸುರಿದು ಗಂಟಾಗದಂತೆ ತಿರುವಬೇಕು. ಪಕ್ಕದ ಒಲೆಯಲ್ಲಿ ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯಬೇಕು. ಪ್ರತಿ ಸೌಟಿಗೂ ಹಿಟ್ಟು ಚುರ್ರೆಂದು ನೊರೆಯೇಳುತ್ತದೆ. ಆ ನೊರೆಯೇ ಆರಿದ ಮೇಲೆ ಜೇನುಗೂಡಿನಂಥ ರಂಧ್ರಗಳಾಗುತ್ತದೆ. ತಟ್ಟೆಗೆ ಸುರಿದ ಮೇಲೂ ನಡುಭಾಗ ಬಿಸಿಯಲ್ಲೇ ಬೇಯುವುದರಿಂದ ಅಲ್ಲಿ ಬಣ್ಣ ಕೆಂಪಾಗುತ್ತದೆ, ಅಂಚು ಹಳದಿಯಾಗಿಯೇ ಉಳಿಯುತ್ತದೆ. ಒಂದು ನಿಮಿಷ ತಡವಾದರೆ ಕಲ್ಲು, ಒಂದು ನಿಮಿಷ ಮುಂಚಾದರೆ ಹಲ್ವ. ಈಚಿನ ದಶಕಗಳಲ್ಲಿ ಬಾಯಲ್ಲಿಟ್ಟರೆ ಕರಗುವ ತುಪ್ಪದ ಬಗೆ ಬೇರೆ ಊರುಗಳಲ್ಲೂ ಜನಪ್ರಿಯವಾಗಿದೆ. ಹಳಬರು ಇಂದಿಗೂ ಕೇಳುವುದು ಕಡಿದರೆ ಪುಡಿಯಾಗುವ ಗೂಡುಗೂಡು ಪಾಕನ್ನೇ.

ಕಾಲುವೆಯ ಮೇಲೊಂದು ರಸ್ತೆ, ರಸ್ತೆಯ ಬದಿಗೊಂದು ಮಾರುಕಟ್ಟೆ

ಮೈಸೂರಿಗೆ ಕಾವೇರಿ ನೀರು ತರಬೇಕೆಂದು ದಿವಾನ್ ಪೂರ್ಣಯ್ಯ ಒಂದು ಕಾಲುವೆ ತೋಡಿಸಿದ್ದರು. ನೀರು ಬರಲಿಲ್ಲ, ಕಾಲುವೆ ಮಾತ್ರ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ಬಹುಭಾಗವನ್ನು ಮುಚ್ಚಿ ರಸ್ತೆ ಮಾಡಿದರು. ಅದೇ ಇಂದಿನ ಸಯ್ಯಾಜಿರಾವ್ ರಸ್ತೆ, ಬರೋಡದ ಅರಸರ ಹೆಸರು ಹೊತ್ತದ್ದು. ಜಂಬೂಸವಾರಿ ಸಾಗುವುದು ಆ ಸೋತ ಕಾಲುವೆಯ ಮೇಲೆ ಎಂಬುದು ನೋಡುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಅದೇ ರಸ್ತೆಯ ಬದಿಯಲ್ಲಿ ದೇವರಾಜ ಮಾರುಕಟ್ಟೆ ಎದ್ದದ್ದು ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ. ಅದರ ಒಂದು ಕೊನೆಗಿರುವ ಚಿಕ್ಕ ಗಡಿಯಾರ 1886ರಲ್ಲಿ ವೈಸರಾಯ್ ಡಫರಿನ್ ಬಂದ ನೆನಪಿನದು. ಅರಮನೆಯ ಮುಂದಿನ ದೊಡ್ಡ ಗಡಿಯಾರ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. ಅದರ ಮುಖದಲ್ಲಿರುವುದು ಕನ್ನಡದ ಅಂಕಿಗಳು. ಒಂದು ಗಡಿಯಾರ ದೊರೆಯ ದೊರೆಗೆ, ಇನ್ನೊಂದು ನೌಕರರಿಂದ ದೊರೆಗೆ. ಎರಡಕ್ಕೂ ನಡುವೆ ಐದು ನಿಮಿಷದ ನಡಿಗೆ.

ಮಾರುಕಟ್ಟೆಯೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ರಾಶಿ ಒಂದೆಡೆ. ಗೋಪುರದಂತೆ ಪೇರಿಸಿದ ಕುಂಕುಮ ಮತ್ತು ಬಣ್ಣದ ಪುಡಿ ಇನ್ನೊಂದೆಡೆ. ಬಾಳೆಗೊನೆಗಳ ಸಾಲು, ಬೆಲ್ಲದ ಅಚ್ಚು, ತೆಂಗಿನಕಾಯಿ, ನೆನೆಸಿದ ಬಟ್ಟೆಯಡಿ ತಂಪಾಗಿ ಕುಳಿತ ವೀಳ್ಯದೆಲೆಯ ಕಟ್ಟು. ಮದುವೆಯ ಹೂವಿಗೂ ಮಸೀದಿಯ ಮುಂದೆ ಮಾರುವ ಮಲ್ಲಿಗೆಗೂ ಚರ್ಚಿನ ಮಾಲೆಗೂ ಬುಟ್ಟಿ ಇಲ್ಲಿಂದಲೇ ಹೋಗಿದೆ. ಪ್ರವಾಸಿ ಇಲ್ಲಿ ಚಿತ್ರ ತೆಗೆಯುತ್ತಾನೆ. ಅವನ ಪಕ್ಕದಲ್ಲಿ ನಿಂತ ಗೃಹಿಣಿ ಕಾಲು ಕೆ.ಜಿ. ಹುರುಳಿಕಾಯಿಗೆ ಚೌಕಾಸಿ ಮಾಡುತ್ತಾಳೆ. ಆ ಚೌಕಾಸಿ ಇರುವುದರಿಂದಲೇ ಚಿತ್ರಕ್ಕೆ ಜೀವ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇದಕ್ಕೊಂದು ಹೋಲಿಕೆ ಸಿಗುತ್ತದೆ. 1865ರಿಂದ 1871ರವರೆಗೆ ಇಟಲಿಯ ರಾಜಧಾನಿಯಾಗಿದ್ದ ಆ ಊರಿಗೂ ಹೊಸ ರಾಜಧಾನಿಯ ಹುರುಪು ಬಂದಿತ್ತು. ಊರ ನಡುವಿನ ಪುರಾತನ ‘ಮೆರ್ಕಾತೊ ವೆಕ್ಕಿಯೊ’, ಅಂದರೆ ಹಳೆಯ ಮಾರುಕಟ್ಟೆಯನ್ನು ಹೊಲಸು ಕೇರಿಯೆಂದು ಕೆಡವಿ ದೊಡ್ಡ ಚೌಕ ಮಾಡಿದರು. ಅಲ್ಲಿ ಈಗ ಕಮಾನೂ ಕಾಫಿ ಅಂಗಡಿಗಳೂ ಇವೆ. ಕಳೆದುಕೊಂಡದ್ದರ ಬಗ್ಗೆ ಆ ಊರಿನವರ ಕೊರಗು ಇನ್ನೂ ಹೋಗಿಲ್ಲ. ಇನ್ನೊಂದೆಡೆ, ವಾಸ್ತುಶಿಲ್ಪಿ ಜುಸೆಪ್ಪೆ ಮೆಂಗೋನಿ ಕಬ್ಬಿಣ, ಗಾಜುಗಳಲ್ಲಿ ಕಟ್ಟಿದ ಸ್ಯಾನ್ ಲೊರೆಂಜೊ ಮಾರುಕಟ್ಟೆ 1874ರಲ್ಲಿ ತೆರೆಯಿತು. ಅದು ಇಂದಿಗೂ ಇದೆ. ಕೆಳಗಿನ ಅಂತಸ್ತಿನಲ್ಲಿ ಮಾಂಸ, ತರಕಾರಿ, ಚೀಸ್. ಜೊತೆಗೆ ದನದ ಹೊಟ್ಟೆಯ ಭಾಗವನ್ನು ಬೇಯಿಸಿ ಬ್ರೆಡ್ಡಿನ ನಡುವೆ ಕೊಡುವ ‘ಲಾಂಪ್ರೆದೊತ್ತೊ’. ಬೋಟಿ ಗೊಜ್ಜು ಉಂಡವರಿಗೆ ಅದು ಅಪರಿಚಿತ ರುಚಿಯೇನಲ್ಲ. ಮೇಲಿನ ಅಂತಸ್ತನ್ನು 2014ರಲ್ಲಿ ತಿಂಡಿ ಮಳಿಗೆಗಳಿಗೆ ಬಿಟ್ಟುಕೊಟ್ಟರು. ಒಂದೇ ಊರು ಒಂದು ಮಾರುಕಟ್ಟೆಯನ್ನು ಕಳೆದುಕೊಂಡು, ಇನ್ನೊಂದನ್ನು ಉಳಿಸಿಕೊಂಡು, ಎರಡರ ಫಲವನ್ನೂ ಕಂಡಿದೆ.

ಮೊಹಲ್ಲಾಗಳ ರುಚಿ

ಮೈಸೂರಿನ ರುಚಿಯೆಲ್ಲ ಅರಮನೆಯಿಂದಲೇ ಇಳಿದು ಬಂದದ್ದು ಎನ್ನುವಂತಿಲ್ಲ. ಬಹುಪಾಲು ರುಚಿ ಮೊಹಲ್ಲಾಗಳದ್ದು. ಮುಂಬಯಿಯಲ್ಲಿ ‘ಮೈಸೂರು ಮಸಾಲೆ’ ಎಂದರೆ ಕೆಂಪು ಚಟ್ನಿ ಬಳಿದ ಖಾರದ ದೋಸೆ. ಅದನ್ನೇ ಹುಡುಕಿಕೊಂಡು ನಜರಾಬಾದಿನ ಮೈಲಾರಿ ಹೋಟೆಲಿಗೆ ಬಂದವರಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿಯದು ಅಂಗೈಯಗಲದ, ಹತ್ತಿಯಂತೆ ಮೃದುವಾದ ದೋಸೆ. ಮೇಲೆ ಬೆಣ್ಣೆ, ಒಳಗೆ ಆಲೂಗೆಡ್ಡೆ ಪಲ್ಯದ ಬದಲು ಸಾಗು, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಟಿಪ್ಪುವಿನ ಮುಗಿಯದ ಕೋಟೆಯ ಹೆಸರನ್ನು ಇಂದು ಹೊರಗಿನವರಿಗೆ ಪರಿಚಯಿಸುತ್ತಿರುವುದು ಈ ದೋಸೆ.

ಮಂಡಿ ಮೊಹಲ್ಲಾದಲ್ಲಿ ಹನುಮಂತು ಹೋಟೆಲಿನ ಮಟನ್ ಪಲಾವಿಗೆ ದಶಕಗಳ ಹೆಸರಿದೆ. ಸಗಟು ವ್ಯಾಪಾರದ ಕೇರಿಯಲ್ಲಿ ಮೂಟೆ ಹೊರುವವರು, ಗಾಡಿಯವರು, ಮಂಡಿಯ ಗುಮಾಸ್ತರು ಬೇಗ ಹೊಟ್ಟೆ ತುಂಬುವ, ಬೆವರಿಗೆ ತಕ್ಕ ಊಟ ಕೇಳುತ್ತಿದ್ದರು. ಅಂಥ ಕೇರಿಯಲ್ಲಿ ಮಾಂಸದೂಟದ ಹೋಟೆಲುಗಳು ಬೇರೂರಿದ್ದು ಸಹಜ. ಅಗ್ರಹಾರದ ಕಡೆ ಕಾಫಿ-ಇಡ್ಲಿ, ಮಂಡಿಯ ಕಡೆ ಪಲಾವು-ಕಾಲುಸೂಪು. ಒಂದೂರಿನ ಊಟದ ನಕ್ಷೆ ಎಂದರೆ ಅದರ ದುಡಿಮೆಯ ನಕ್ಷೆಯೇ.

ಅಶೋಕ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ. ಜರ್ಮನಿಯ ಕೊಲೋನ್ ಚರ್ಚಿನ ಮಾದರಿಯಲ್ಲಿ 175 ಅಡಿ ಎತ್ತರಕ್ಕೆ ಎದ್ದ ಈ ಗೋಪುರಗಳಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿಯವರು. ಫಿಲೋಮಿನಾ ಮೈಸೂರಿನವಳಲ್ಲ. ರೋಮ್‌ನ ನೆಲಮಾಳಿಗೆಯ ಸಮಾಧಿಗಳಲ್ಲಿ 1802ರಲ್ಲಿ ಸಿಕ್ಕ ಅಸ್ಥಿಗಳು ಅವಳವೆಂದು ಭಕ್ತರು ನಂಬಿದರು. ಆ ಅಸ್ಥಿಯ ಒಂದು ಅಂಶವನ್ನು ಮೈಸೂರಿಗೆ ತರಿಸಿದವರು ಅರಸರ ಹುಜೂರು ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು. ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಪ್ರತಿಮೆಯ ಮುಂದೆ ಎಲ್ಲ ಮತದವರೂ ಮೇಣದ ಬತ್ತಿ ಹಚ್ಚುತ್ತಾರೆ.

ಅಲ್ಲಿಂದ ಮುಂದೆ ಈಶಾನ್ಯಕ್ಕೆ ಊರು ಬೆಳೆದು ಉದಯಗಿರಿ, ಶಾಂತಿನಗರ, ರಾಜೀವನಗರಗಳಾಗಿದೆ. ಪ್ರವಾಸಿ ಬಸ್ಸು ಇತ್ತ ಬರುವುದಿಲ್ಲ. ಆದರೆ ಪ್ರವಾಸಿಯ ಚೀಲಕ್ಕೆ ಸೇರುವ ಕೆಲವು ವಸ್ತುಗಳ ಮೂಲ ಈ ಭಾಗದ ಮನೆಗಳಲ್ಲಿದೆ. ಮನೆಯಲ್ಲೇ ಕುಳಿತು ಅಗರಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಣ್ಣುಮಕ್ಕಳ ದುಡಿಮೆ ಇಲ್ಲಿ ಹಳೆಯದು. ಬೀಟೆಮರದಲ್ಲಿ ಚಿತ್ರ ಕೂರಿಸುವ ಕುಸುರಿ ಕೆಲಸವನ್ನು ತಲೆಮಾರುಗಳಿಂದ ಉಳಿಸಿಕೊಂಡವರಲ್ಲಿ ನಗರದ ಮುಸ್ಲಿಂ ಕಸುಬುದಾರರು ಬಹಳ ಮಂದಿ. ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ದಂತ ಕೂರಿಸಿದ ಬೀಟೆ ನೋಡಿ ಬೆರಗಾಗುವವರು ಆ ಕಸುಬು ಅರಮನೆಯ ಜೊತೆ ಮುಗಿಯಿತೆಂದು ತಿಳಿಯಬೇಕಿಲ್ಲ. ದಂತ ನಿಷೇಧವಾದ ಮೇಲೆ ಬಣ್ಣಬಣ್ಣದ ಮರದ ಚೂರುಗಳೇ ಆ ಜಾಗಕ್ಕೆ ಬಂದಿವೆ.

ರಂಜಾನ್ ತಿಂಗಳ ಸಂಜೆ ಈ ಬಡಾವಣೆಗಳ ಬೀದಿಗೆ ಹೋದರೆ ಇನ್ನೊಂದು ಮೈಸೂರು ಕಾಣುತ್ತದೆ. ಖರ್ಜೂರ, ಹಣ್ಣಿನ ಹೋಳು, ಸಮೋಸ, ಕಬಾಬು, ಗೋಧಿ-ಮಾಂಸ ಗಂಟೆಗಟ್ಟಲೆ ಬೆಂದು ಒಂದಾದ ಹಲೀಮು. ಹಬ್ಬದ ಬೆಳಿಗ್ಗೆ ಶಾವಿಗೆ, ಹಾಲು, ಖರ್ಜೂರದ ಶೀರ್ ಖುರ್ಮಾ ನೆರೆಮನೆಗೂ ಹೋಗುತ್ತದೆ. ಯಾವ ಕೈಪಿಡಿಯಲ್ಲೂ ಇದಕ್ಕೆ ನಕ್ಷತ್ರ ಹಾಕಿರುವುದಿಲ್ಲ. ಆದರೂ ಊರಿನ ಊಟದ ಕಥೆ ಇದನ್ನು ಬಿಟ್ಟು ಪೂರ್ತಿಯಾಗದು.

ಹೆಸರಿದೆ, ತೋಟವಿಲ್ಲ

ಇನ್ನು ತೋಟಗಳ ಮಾತು. ಈರನಗೆರೆ ಎಂದರೆ ಇಂದು ಒತ್ತೊತ್ತಾಗಿ ಮನೆಗಳಿರುವ ಕೇರಿ. ಒಂದು ಕಾಲಕ್ಕೆ ಅದು ಬದನೆಕಾಯಿಗೆ ಹೆಸರಾದ ತರಕಾರಿ ತೋಟ. ‘ಈರನಗೆರೆ ಬದನೆ’ಯ ಹೆಸರು ಹೇಳಿದರೆ ಹಿರಿಯ ಗೃಹಿಣಿಯರು ಇಂದಿಗೂ ಎಣ್ಣೆಗಾಯಿಯ ನೆನಪು ತೆಗೆಯುತ್ತಾರೆ. ಆ ನೆಲ ನಿವೇಶನವಾಯಿತು. ಈಗ ಆ ಬದನೆ ಸಿಗುವುದೇ ಅಪರೂಪ.

ಮೈಸೂರು ವೀಳ್ಯದೆಲೆಯದೂ ಇಂಥದೇ ಕಥೆ. ಅರಸರ ತೋಟದಿಂದ ಆರಂಭವಾಗಿ ಅಗ್ರಹಾರದ ಪೂರ್ಣಯ್ಯನ ಛತ್ರದಿಂದ ವಿದ್ಯಾರಣ್ಯಪುರಂವರೆಗೆ, ನಂಜನಗೂಡು ರಸ್ತೆಯ ಆಸುಪಾಸಿನಲ್ಲಿ ಎಲೆತೋಟಗಳು ಹರಡಿದ್ದವು. ನಯವಾದ ಮೈ, ಹೃದಯದ ಆಕಾರ, ಬಾಯಿಗಿಟ್ಟರೆ ಹದವಾದ ಖಾರ. ಆ ತೋಟಗಳಿದ್ದ ಜಾಗದಲ್ಲಿ ಇಂದು ಹೆಚ್ಚಾಗಿ ಕಾಣುವುದು ಮನೆಗಳು, ಅಂಗಡಿಗಳು. ನಂಜನಗೂಡಿನ ರಸಬಾಳೆಗೆ ಮನೆಯ ಕಾಟವಲ್ಲ, ರೋಗದ ಕಾಟ. ದೇವರಸನಹಳ್ಳಿಯ ಸುತ್ತಿನ ಕಪ್ಪು ಮಣ್ಣಿನಲ್ಲಿ ಬೆಳೆದರೇ ಅದಕ್ಕೆ ಆ ಪರಿಮಳ. ಬೇರಿನಿಂದ ಹತ್ತುವ ಪನಾಮ ಸೊರಗು ರೋಗ ತೋಟಕ್ಕೆ ತೋಟವನ್ನೇ ಒಣಗಿಸಿತು. ರೋಗ ಒಮ್ಮೆ ಹೊಕ್ಕ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ರೈತರು ಬೇರೆ ಬಾಳೆಗೆ ತಿರುಗಿದರು.

2005ರಿಂದೀಚೆಗೆ ಮೈಸೂರು ರೇಷ್ಮೆ, ಅಗರಬತ್ತಿ, ಬೀಟೆಮರದ ಕುಸುರಿಯಂತೆ ವೀಳ್ಯದೆಲೆ, ಮಲ್ಲಿಗೆ, ರಸಬಾಳೆಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅಂದರೆ ಬೇರೆಡೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಕಾನೂನು ಹೆಸರನ್ನು ಕಾಯುತ್ತದೆ, ಸರಿ. ಆದರೆ ಬೆಳೆಯುವ ನೆಲವನ್ನೂ ಬೆಳೆಯುವ ಕೈಯನ್ನೂ ಕಾಯುವ ಶಕ್ತಿ ಆ ಪ್ರಮಾಣಪತ್ರಕ್ಕೆ ಇಲ್ಲ.

ಕುಸಿದದ್ದು ಗೋಡೆಯಷ್ಟೇ ಅಲ್ಲ

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಕಟ್ಟಡ ಅದು. ನಾಲ್ಕು ವರ್ಷದ ಬಳಿಕ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಬದಿ ಉರುಳಿತು. ಕೆಡವಿ ಹೊಸದಾಗಿ ಕಟ್ಟಬೇಕೆ, ದುರಸ್ತಿ ಮಾಡಿ ಉಳಿಸಬೇಕೆ ಎಂಬ ವಾದ ಎದ್ದು ನ್ಯಾಯಾಲಯದವರೆಗೂ ಹೋಯಿತು. ಕೆಡವಿ ಎನ್ನುವವರು ಜೀವಹಾನಿಯ ಭಯ ಮುಂದಿಡುತ್ತಾರೆ. ನಾಲ್ಕು ಜೀವ ಹೋದ ಊರಿನಲ್ಲಿ ಆ ಭಯವನ್ನು ಹಗುರವಾಗಿ ಕಾಣಲಾಗದು. ಉಳಿಸಿ ಎನ್ನುವವರು ಸುಣ್ಣದ ಗಾರೆಯ ಗೋಡೆಯನ್ನು ಸುಣ್ಣದ ಗಾರೆಯಿಂದಲೇ ಗಟ್ಟಿಮಾಡಬಹುದು, ವರ್ಷಗಟ್ಟಲೆ ದುರಸ್ತಿ ಕಾಣದಿದ್ದರೆ ಯಾವ ಕಟ್ಟಡವೂ ನಿಲ್ಲದು ಎನ್ನುತ್ತಾರೆ.

ಎರಡೂ ಕಡೆಯ ವಾದ ಸುತ್ತುವುದು ಗೋಡೆ, ಕಮಾನುಗಳ ಸುತ್ತ. ಒಳಗೆ ಕುಳಿತು ಹೂ ಕಟ್ಟುವವರು, ಎಲೆ ಎಣಿಸುವವರು, ಬಾಳೆ ಮಾರುವವರು ಮುಂದೆ ಎಲ್ಲಿ ಕೂರುತ್ತಾರೆ, ಅವರು ಕೊಡಬಹುದಾದ ಬಾಡಿಗೆ ಎಷ್ಟು ಎಂಬ ಪ್ರಶ್ನೆಗೆ ಅಷ್ಟೇ ಒತ್ತು ಸಿಗಬೇಕು. ಹಳೆಯ ಕಟ್ಟಡ ಉಳಿದು ಒಳಗೆ ಬರೀ ಉಡುಗೊರೆ ಅಂಗಡಿಗಳು ತುಂಬಿದರೂ ಮಾರುಕಟ್ಟೆ ಹೋದಂತೆಯೇ. ಹೊಸ ಕಟ್ಟಡ ಬಂದು ಹಳೆಯ ವ್ಯಾಪಾರಿ ಒಳಗೆ ಬರಲಾಗದಿದ್ದರೂ ಅಷ್ಟೇ. ಈರನಗೆರೆಯಲ್ಲಿ ಒಂದು ಗೋಡೆಯೂ ಕುಸಿಯಲಿಲ್ಲ. ಆದರೂ ಅಲ್ಲಿಯ ಬದನೆ ಹೋಯಿತು.

ಮೈಸೂರು ನೋಡಲು ಬಂದವರಿಗೆ ಒಂದು ದಿನ ಸಾಲದು. ಆದರೂ ಒಂದೇ ದಿನವಿದ್ದರೆ ಬೆಳಗಿನ ತಂಪಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲೇರಿ, ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯನ್ನು ಕಂಡು ಇಳಿಯಬಹುದು. ನಜರಾಬಾದಿನಲ್ಲಿ ದೋಸೆ, ಆಮೇಲೆ ಅರಮನೆ, 1861ರ ಜಗನ್ಮೋಹನ ಅರಮನೆಯ ಚಿತ್ರಶಾಲೆ. ಮಂಡಿಯಲ್ಲಿ ಊಟ, ಇಳಿಹೊತ್ತಿಗೆ ಚರ್ಚು, ಕತ್ತಲಾಗುವ ಮೊದಲು ದೇವರಾಜ ಮಾರುಕಟ್ಟೆ. ಕೊನೆಗೆ ಕಾಲು ಕೆ.ಜಿ. ಪಾಕು, ಒಂದು ಕಟ್ಟು ಎಲೆ, ಒಂದು ಮೊಳ ಮಲ್ಲಿಗೆ.

ಸಂಜೆ ನಗರ ಬಸ್ ನಿಲ್ದಾಣದಿಂದ ರಾಜೀವನಗರದ ಬಸ್ಸು ಹೊರಡುವಾಗ ಸೀಟಿನ ಕೆಳಗೆಲ್ಲ ಇಂಥವೇ ಚೀಲಗಳು. ಬಾಳೆ, ಸೊಪ್ಪು, ಕಾಗದದಲ್ಲಿ ಸುತ್ತಿದ ಹೂವು. ಈ ಚೀಲಗಳು ದಿನವೂ ಮಾರುಕಟ್ಟೆಯಿಂದಲೇ ತುಂಬುತ್ತಿರುವವರೆಗೆ ಆ ಕಟ್ಟಡ ಸ್ಮಾರಕವಾಗಿಲ್ಲ, ಇನ್ನೂ ಬದುಕಿದೆ ಎಂದೇ ಅರ್ಥ.